ಹೊಲಿಗೆ ಟೀಚರ್ ಇಟ್ಟ ಆಣೆ

ಜಾವಗಲ್‌ನಲ್ಲಿ ನನಗೆ ಹೊಲಿಗೆ ಕಲಿಸಿದ ಟೀಚರ್ ಪ್ರತಿ ಭಾನುವಾರ ಅರಸೀಕೆರೆಯ ಚರ್ಚಿಗೆ ಹೋಗುತ್ತಿದ್ದರು. ನಮ್ಮಲ್ಲಿ ಯಾರಾದರೂ ‘ದೇವರಾಣೆ’ ಅಂದರೆ ಟೇಪಿನಿಂದ ಮೆಲ್ಲಗೆ ಬಾರಿಸಿ, “ನಿಜ ಹೇಳೋರಿಗೆ ಆಣೆ ಯಾಕ್ರೇ?” ಅನ್ನುತ್ತಿದ್ದರು. ಅವರು ಆಣೆ ಇಡುವವರಲ್ಲ ಎಂದು ಊರಿಗೆಲ್ಲ ಗೊತ್ತಿತ್ತು.

ಒಂದು ಮಧ್ಯಾಹ್ನ ಕ್ಲಾಸಿನಲ್ಲಿ ನಾನೊಬ್ಬಳೇ ಇದ್ದಾಗ ನಮ್ಮ ಜೊತೆ ಕಲಿಯುತ್ತಿದ್ದ ಹುಡುಗಿ ಓಡಿಬಂದಳು. ಬೇರೆ ಜಾತಿಯವನನ್ನು ಮದುವೆಯಾಗಿದ್ದಳು. ಅವಳ ಅಣ್ಣ ಮಚ್ಚು ಹಿಡಿದು ಹಿಂದೆಯೇ ಬರುತ್ತಿದ್ದ. ಟೀಚರ್ ನಮ್ಮಿಬ್ಬರನ್ನೂ ಕಟಿಂಗ್ ಟೇಬಲ್ ಕೆಳಗೆ ತಳ್ಳಿ ಬಟ್ಟೆ ಇಳಿಬಿಟ್ಟರು. ನಾನು ಅವಳ ಬಾಯಿ ಮುಚ್ಚಿ ಹಿಡಿದೆ.

“ಇಲ್ಲೇ ಅವ್ಳೆ ಅವ್ಳು,” ಅಣ್ಣ ಬಾಗಿಲಲ್ಲಿ ಕಿರುಚಿದ. “ಇಲ್ಲ ಅನ್ನೋದಾದ್ರೆ ನಿಮ್ ಬೈಬಲ್ ಮುಟ್ಟಿ ಹೇಳ್ರೀ!”

“ನೋಡು, ಮುಟ್ಟಿದೀನಿ,” ಅಂದರು ಟೀಚರ್. “ದೇವರಾಣೆ, ಇವತ್ತು ಇಲ್ಲಿಗೆ ಬಂದಿಲ್ಲ ಕಣಪ್ಪ.”

ಅವನು ನಂಬಿದ. ಚಪ್ಪಲಿ ಸದ್ದು ಬಸ್‌ಸ್ಟ್ಯಾಂಡಿನ ಕಡೆ ದೂರವಾಯಿತು. ಆ ಹುಡುಗಿ ಬದುಕಿದಳು. ಅವಳ ಬಿಸಿಯುಸಿರು ಮಾತ್ರ ಈಗಲೂ ನನ್ನ ಅಂಗೈ ಬಿಟ್ಟಿಲ್ಲ.

ಆ ಭಾನುವಾರ ಒಬ್ಬಳೇ ಇರಲು ಹೆದರಿ ನಾನೂ ಅವರ ಜೊತೆ ಚರ್ಚಿಗೆ ಹೋದೆ. ಪ್ರಭುಭೋಜನದ ರೊಟ್ಟಿಗೆ ಎಲ್ಲರೂ ಎದ್ದಾಗ ಟೀಚರ್ ಬೆಂಚಿನಲ್ಲೇ ಕೂತಿದ್ದರು. ಪಾಪ ಮಾಡಿದವರು ಅದನ್ನು ತಿನ್ನಬಾರದು ಎಂದು ಅವರೇ ಹಿಂದೊಮ್ಮೆ ಹೇಳಿದ್ದರು.

“ಜೀವ ಉಳಿಸಿದ್ರಲ್ಲ ಟೀಚರ್, ಅದೂ ಪಾಪಾನಾ?” ಪಿಸುಗುಟ್ಟಿದೆ.

“ಸುಳ್ಳು ಸುಳ್ಳೇ ಕಣಮ್ಮ,” ಅಂದರು. “ನಾಳೆ ಅವನು ಮತ್ತೆ ಬಂದ್ರೂ ಇದೇ ಸುಳ್ಳು ಹೇಳ್ತೀನಿ.”