ಕಣ್ಣು ನೋಡುವ ಹುಸೇನಸಾಬರು

ಎದುರಿಗೆ ಸಿಕ್ಕವರನ್ನು "ಆರಾಮ ಅದೀರೇನ್ರಿ" ಎಂದು ಕೇಳುವ ಮೊದಲೇ ಹುಸೇನಸಾಬರ ಹೆಬ್ಬೆರಳು ಅವರ ಕಣ್ಣರೆಪ್ಪೆಯ ಮೇಲಿರುತ್ತಿತ್ತು! ಸಂತೆಯಲ್ಲಿ ಬದನೆಕಾಯಿ ಮಾರುವ ಮುದುಕಿಯನ್ನೂ ಬಿಡಲಿಲ್ಲ, ತಹಶೀಲ್ದಾರರನ್ನೂ ಬಿಡಲಿಲ್ಲ. ನಿಜಾಮರ ಕಾಲದಲ್ಲಿ ನಮ್ಮ ಕುಷ್ಟಗಿಯ ದವಾಖಾನೆಯ ಕಾಂಪೌಂಡರು ಅವರು. ಸಣಕಲು ಮೈ, ಓಣಿಗೆಲ್ಲ ಕೇಳುವ ಗಂಟಲು.

"ಬಾಯಿ ಸುಳ್ಳ ಹೇಳತೈತಿ, ಕಣ್ಣಾಗಿನ ಕರೀ ಚುಕ್ಕಿ ಹೇಳಂಗಿಲ್ಲ. ಅದು ಸಾಸಿವಿಯಷ್ಟಾತೋ, ಒಳಗ ಅಫೀಮು ಐತಿ ಅಂತ ತಿಳ್ಕೋರಿ," ಎನ್ನುತ್ತಿದ್ದರು. ನಾವು ಹೆಂಗಸರು ಸೆರಗು ಬಾಯಿಗಿಟ್ಟು ನಗುತ್ತಿದ್ದೆವು.

ನನ್ನ ನಗು ನಿಂತಿದ್ದು ಮಗ ಬಸು ಐದು ತಿಂಗಳವನಿದ್ದಾಗ. ಹತ್ತಿ ಬಿಡಿಸುವ ದಿನಗಳಲ್ಲಿ ಕೂಸಿಗೆ ಎಳ್ಳಿನಷ್ಟು ಅಫೀಮನ್ನು ಹಾಲಿನಲ್ಲಿ ತೇಯ್ದು ನೆಕ್ಕಿಸುವುದು ಆಗ ಮನೆಮನೆಯ ರೂಢಿ. ಹೊಲದ ಬದುವಿನಲ್ಲಿ ಅದು ಮಲಗಿದರೆ ತಾಯಿ ಸಾಲು ಹಿಡಿಯಬಹುದು. ಆ ವಾರ ನಾನೂ ಅತ್ತೆಯೂ ಮಾತು ಬಿಟ್ಟಿದ್ದೆವು. ಕಾರಣ ಒಂದು ಹರಿದ ಕೌದಿ! ಬೆಳಿಗ್ಗೆ ಅತ್ತೆ ನೆಕ್ಕಿಸಿದರು, ಹೇಳಲಿಲ್ಲ. ನಾನೂ ನೆಕ್ಕಿಸಿದೆ, ಕೇಳಲಿಲ್ಲ. ಹೊಲದಲ್ಲಿ ನೋಡಿದರೆ ಕೂಸಿನ ತುಟಿ ನೀಲಿ.

ಇಬ್ಬರೂ ದವಾಖಾನೆಗೆ ಓಡಿದೆವು. ಡಾಕ್ಟರು ಊರಲ್ಲಿರಲಿಲ್ಲ. ಸಾಬರು ಕೂಸಿನ ರೆಪ್ಪೆ ಎತ್ತಿ ನೋಡಿದವರೇ ಅದರ ಮೂಗು-ಬಾಯಿಗೆ ತಮ್ಮ ಬಾಯಿಟ್ಟು ಊದತೊಡಗಿದರು. ಉಸಿರು ತಿರುಗಿಸಿಕೊಳ್ಳುತ್ತ, "ಎಷ್ಟ ಸಲ ಕೊಟ್ರಿ?" ಎಂದರು.

"ಒಂದ ಸಲ್ರಿ," ಎಂದೆ ನಾನು.

"ನಾನೂ ಒಂದ ಸಲ," ಎಂದರು ಅತ್ತೆ.

"ಶಭಾಶ್! ನೀವು ಮಾತ ನಿಲ್ಲಿಸಿದ್ರಿ, ಕೂಸು ಉಸುರ ನಿಲ್ಲಿಸೈತಿ!"

ಅತ್ತೆ ಅವರ ಕಾಲು ಹಿಡಿದರು. "ಏನರ ಔಷಧ ಕೊಡ್ರಿ ಸಾಬ್ರ!"

"ಇದನ್ನ ಇಳಸೂ ಔಷಧ ಇನ್ನೂ ಹುಟ್ಟಿಲ್ರಿ ಯವ್ವಾ. ಎದಿ ಗಟ್ಟಿ ಐತಿ, ಉಸುರಾಡೂದನ್ನ ತಲಿ ಮರತೈತಿ. ಅಮಲು ಇಳಿಯೂತನಕ ನಾವ ನೆನಪ ಮಾಡಿಕೊಡಬೇಕು. ಊದ್ರಿ! ಮೆಲ್ಲಕ, ಗಲ್ಲದಾಗ ಹಿಡದಷ್ಟ ಗಾಳಿ!"

ಮೂವರೂ ಸರದಿಯಲ್ಲಿ ಊದಿದೆವು. ನಾನು ಊದಿದರೆ ಅತ್ತೆ ಎಣಿಸುವರು, ಅತ್ತೆ ಊದಿದರೆ ನಾನು. ಎಂಟು ದಿನದ ಮೇಲೆ ನಾವಾಡಿದ ಮಾತೆಂದರೆ ಒಂದು, ಎರಡು, ಮೂರು! ಬಿಸಿಲು ಇಳಿಯುವ ಹೊತ್ತಿಗೆ ಬಸು ಬಿಕ್ಕಿದ, ಕಾಲು ಒದ್ದ, ಕಿಟಾರನೆ ಅತ್ತ. ಸಾಬರು ಕುಣಿದೇಬಿಟ್ಟರು!

"ಅಳು ಮಗನ, ಅಳು! ಇಂಥಾ ಛಲೋ ದನಿ ಈ ದವಾಖಾನ್ಯಾಗ ಕೇಳಿದ್ದಿಲ್ಲ!"

ಹೊರಡುವಾಗ ನನ್ನನ್ನು ಬಾಗಿಲಲ್ಲಿ ನಿಲ್ಲಿಸಿದರು. "ಆ ಔಷಧ ಒಂದಿನ ಬರತೈತಿ, ತಂಗೆವ್ವ. ನಿನಗ ಮೊದಲ ಗೊತ್ತಾದ್ರ ನನಗ ಹೇಳು."

ಎಷ್ಟೋ ವರ್ಷಗಳ ಮೇಲೆ, ದೂರದೂರಿನ ಆಸ್ಪತ್ರೆಯಲ್ಲಿ ನನ್ನ ಅಣ್ಣನಿಗೆ ಆಪರೇಷನ್ನಾಯಿತು. ನೋವಿಗೆ ಕೊಟ್ಟ ಮಾರ್ಫಿನ್ನು, ಅಫೀಮಿನದೇ ಸತ್ವ, ಮೈಗೆ ಹೆಚ್ಚಾಗಿ ಉಸಿರು ನಿಲ್ಲುತ್ತ ಬಂತು. ನನಗೆ ಮತ್ತೆ ಅದೇ ನೀಲಿ ತುಟಿ ಕಂಡಿತು. ಎಳೆಯ ಡಾಕ್ಟರೊಬ್ಬರು ಓಡಿ ಬಂದು ನರಕ್ಕೆ ಒಂದು ಇಂಜೆಕ್ಷನ್ ಕೊಟ್ಟರು. ಎರಡು ನಿಮಿಷ, ಎರಡೇ! ಅಣ್ಣ ಕಣ್ಣು ಬಿಟ್ಟು ನೀರು ಕೇಳಿದ. ನಾನು ನುಗ್ಗಿ ಹೋಗಿ ಅವನ ರೆಪ್ಪೆ ಎತ್ತಿದೆ. ಚುಕ್ಕಿ ಅರಳಿತ್ತು.

ಹುಸೇನಸಾಬರು ತೀರಿಕೊಂಡು ಆಗಲೇ ಬಹಳ ವರ್ಷವಾಗಿತ್ತು. ನರ್ಸು ಗದರಿದರೂ ನಾನು ಕೇಳಲಿಲ್ಲ.

"ಬಂತ್ರೀ ಸಾಬ್ರ, ಔಷಧ ಬಂತು!" ಎಂದು ವಾರ್ಡಿಗೆಲ್ಲ ಕೇಳುವಂತೆ ಕೂಗಿದೆ.