ಯೋಕಾಸ್ತಾ ಕಲಿತ ಇಂಗ್ಲಿಷ್

ಯೋಕಾಸ್ತಾ ರೆಯ್ನೋಸೊಳನ್ನು ನಾನು ಮೊದಲು ಕಂಡದ್ದು ಕಡಲತೀರದ ಒಂದು ಹೋಟೆಲಿನ ಬಟ್ಟೆ ಒಗೆಯುವ ಕೋಣೆಯಲ್ಲಿ, ಬೆಳಿಗ್ಗೆ ಆರೂವರೆಗೆ. ಇಗ್ವೆಯ್ ಊರಿನ ಪ್ರೌಢಶಾಲೆಯಲ್ಲಿ ಮೂವತ್ತೊಂದು ವರ್ಷ ಇಂಗ್ಲಿಷ್ ಕಲಿಸಿ ನಿವೃತ್ತನಾಗಿದ್ದ ನನ್ನನ್ನು ಹೋಟೆಲಿನವರು ಕರೆಸಿ, ಕೋಣೆ ಸ್ವಚ್ಛ ಮಾಡುವ ಹೆಂಗಸರಿಗೆ ದಿನಕ್ಕೆ ಹತ್ತೇ ನಿಮಿಷ ಪಾಠ ಹೇಳಿ ಎಂದಿದ್ದರು. ದಿನಕ್ಕೊಂದು ವಾಕ್ಯ. ನಲವತ್ತು ವಾಕ್ಯಗಳ ಹಾಳೆಯನ್ನು ನಾನೇ ಬರೆದೆ, ಪಕ್ಕದಲ್ಲಿ ಸ್ಪ್ಯಾನಿಷ್ ಅರ್ಥ. ವ್ಯಾಕರಣದಲ್ಲಿ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ‘ಸಾರಿ ಸರ್’, ‘ಈಗಲೇ ತರುತ್ತೇನೆ’, ‘ಸಾರಿ ಮೇಡಂ, ಮತ್ತೆ ಹೀಗಾಗದು’. ಎಲ್ಲ ಇದೇ ಜಾತಿಯವು.

ಹಿಂದೆ ನಿಂತು ಹಾಸಿಗೆ ಬಟ್ಟೆ ಮಡಿಸುತ್ತಿದ್ದ ಮೂವತ್ತೈದರ ಹೆಂಗಸೊಬ್ಬಳು ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದಳು. ಅವಳೇ ಯೋಕಾಸ್ತಾ.

“ಮೇಷ್ಟ್ರೇ, ಇದ್ರಲ್ಲಿ ‘ಇಲ್ಲ’ ಅನ್ನೋದು ಎಲ್ಲಿದೆ?”

“ಅತಿಥಿಗಳಿಗೆ ಇಲ್ಲ ಅನ್ನಬಾರದಮ್ಮ.”

“ಹಂಗಾದ್ರೆ ಈ ಹಾಳೆ ನನ್ನ ಗಂಡನೇ ಬರೆಸಿರ್ಬೇಕು. ಅವನಿಗೂ ಆ ಮಾತು ಕಿವಿಗೆ ಬೀಳಲ್ಲ.”

ಹೆಂಗಸರೆಲ್ಲ ನಕ್ಕರು. ನಾನೂ ನಕ್ಕೆ. ನಗಬಾರದಿತ್ತು.

ಅವಳಷ್ಟು ಶ್ರದ್ಧೆಯ ವಿದ್ಯಾರ್ಥಿಯನ್ನು ಶಾಲೆಯಲ್ಲೂ ನಾನು ಕಂಡಿರಲಿಲ್ಲ. ಹಾಳೆಯನ್ನು ತಳ್ಳುಗಾಡಿಯ ಒಳಬದಿಗೆ ಅಂಟಿಸಿಕೊಂಡು, ದಿನಕ್ಕೆ ಹದಿನಾರು ಕೋಣೆ ಒರೆಸುತ್ತ ಬಾಯಲ್ಲಿ ಮಣಮಣ ಹೇಳಿಕೊಳ್ಳುತ್ತಿದ್ದಳು. ಎರಡು ತಿಂಗಳಲ್ಲಿ ನಲವತ್ತೂ ಬಾಯಿಪಾಠವಾದವು.

ಐದನೇ ತಿಂಗಳಲ್ಲಿ ಮೂರನೇ ಮಹಡಿಯ ವಿದೇಶಿ ಅತಿಥಿಯೊಬ್ಬನ ಚಿನ್ನದ ಗಡಿಯಾರ ಕಾಣೆಯಾಯಿತು. ಮಹಡಿಯ ಮೇಲ್ವಿಚಾರಕ ರುದೆಸಿಂಡೊ ಅವಳನ್ನು ಆ ಅತಿಥಿಯೆದುರು ನಿಲ್ಲಿಸಿ, ಅವಳ ಪರವಾಗಿ ತಾನೇ ಇಂಗ್ಲಿಷಿನಲ್ಲಿ ಮಾತಾಡಿದ. ಅವಳನ್ನು ಒಂದು ಮಾತೂ ಕೇಳಲಿಲ್ಲ. ಆ ಮಾತಿನ ಮಳೆಯಲ್ಲಿ ಅವಳಿಗೆ ತಿಳಿದದ್ದು ಒಂದೇ ಪದ, ನಾನು ಕಲಿಸಿದ್ದು: ಸಾರಿ. ಅವಳ ಕಡೆ ಬೆರಳು ತೋರಿಸುತ್ತ ಅವನು ಅದನ್ನು ಮೂರು ಸಲ ಹೇಳಿದ. ಮಾಡದ ಕಳ್ಳತನಕ್ಕೆ ತನ್ನ ಹೆಸರಿನಲ್ಲಿ ಕ್ಷಮೆ ಕೇಳಲಾಗುತ್ತಿದೆ ಎಂದು ಅವಳಿಗೆ ಗೊತ್ತಾದದ್ದು ಹಾಗೆ.

ಗಡಿಯಾರ ಮರುದಿನ ಅತಿಥಿಯ ಬೂಟಿನೊಳಗೇ ಸಿಕ್ಕಿತು. ಅವನು ನಕ್ಕು ವಿಮಾನ ಹತ್ತಿದ. ಆದರೆ ‘ತಪ್ಪೊಪ್ಪಿಕೊಂಡು ಕ್ಷಮೆ ಕೇಳಿದ್ದಾಳೆ’ ಎಂಬ ಕಾಗದ ಅವಳ ಕಡತದಲ್ಲಿ ಉಳಿಯಿತು. ಕೆಲಸ ಹೋಗಲಿಲ್ಲ, ಹೆಸರು ಹೋಯಿತು. ಅದು ಅಲ್ಲಿರುವವರೆಗೆ ಆ ಕರಾವಳಿಯ ಯಾವ ಹೋಟೆಲಿಗೂ ಅವಳು ಕಳ್ಳಿಯೇ.

ಆ ಭಾನುವಾರ ಅವಳು ನನ್ನ ಮನೆಗೆ ಬಂದಳು. ನಾನು ಬೇಯಿಸಿ ಹಿಸುಕಿದ ಬಾಳೆಕಾಯಿ ತಿನ್ನುತ್ತ ಕೂತಿದ್ದೆ. ಕುರ್ಚಿ ತೋರಿಸಿದರೂ ಅವಳು ಕೂರಲಿಲ್ಲ.

“ಕದ್ದಿಲ್ಲ ಅನ್ನೋಕೆ ನನ್ನ ಬಾಯಲ್ಲಿ ಒಂದು ಮಾತಿರ್ಲಿಲ್ಲ ಮೇಷ್ಟ್ರೇ. ತಲೆ ತಗ್ಗಿಸೋಕೆ ಮಾತ್ರ ನಲವತ್ತು ಥರ ಕಲಿಸಿದ್ರಿ.”

ಸಮಾಧಾನ ಹೇಳಲು ಬಾಯಿ ತೆರೆದೆ, ಅವಳು ಬಿಡಲಿಲ್ಲ. ಬೇರೆ ಇಂಗ್ಲಿಷ್ ಇದ್ದರೆ ಕಲಿಸಿ, ಇಲ್ಲದಿದ್ದರೆ ಇಲ್ಲವೆಂದು ಹೇಳಿ ಎಂದಳು.

ಸೋಮವಾರ ನಾನು ಹೋಟೆಲಿಗೆ ಹೋಗಿ ಹಾಳೆ ಬದಲಿಸಬೇಕೆಂದು ಕೇಳಿದೆ. ಅತಿಥಿಗಳಿಗೆ ಅದರಿಂದೇನು ಉಪಯೋಗ ಎಂದರು. ನಾಳೆಯಿಂದ ಬರಬೇಡಿ ಎಂದರು. ಜೀವಮಾನದಲ್ಲಿ ಒಬ್ಬ ಹುಡುಗನ ಮೇಲೂ ಕೈ ಎತ್ತದವನು ನಾನು. ಅಂದು ಅವರ ಮುಂದಿದ್ದ ಮೇಜನ್ನು ಬೋರಲು ಹಾಕಬೇಕೆನಿಸಿತು. ಆ ಹಾಳೆ ಬರೆದದ್ದು ನನ್ನ ಕೈಯೇ ಎಂಬುದು ಸಿಟ್ಟಿಗೆ ಇನ್ನಷ್ಟು ತುಪ್ಪ ಸುರಿಯಿತು.

ಅಂದಿನಿಂದ ಪಾಠ ನನ್ನ ಮನೆಯ ಹೊಸ್ತಿಲಲ್ಲಿ ನಡೆಯಿತು, ಹೋಟೆಲಿನ ಬಸ್ಸು ಬರುವ ಮುನ್ನ, ಅದೇ ಹತ್ತು ನಿಮಿಷ. ವಾಕ್ಯಗಳು ಮಾತ್ರ ಬೇರೆ: ‘ನಾನು ತೆಗೆದಿಲ್ಲ.’ ‘ನನ್ನನ್ನೇ ಕೇಳಿ.’ ‘ಅವನು ಹೇಳಿದ್ದು ನನ್ನ ಮಾತಲ್ಲ.’ ‘ಬರೆದುಕೊಡಿ.’ ಹಳೆಯ ಅಭ್ಯಾಸದಿಂದ ನಾನೊಮ್ಮೆ ‘ದಯವಿಟ್ಟು’ ಸೇರಿಸಿದೆ. ಅವಳು ಅದನ್ನು ಹೊಡೆದುಹಾಕಿ, “ಅದನ್ನ ಕೊನೇಗೆ ಕಲೀತೀನಿ” ಎಂದಳು.

ಏಳು ತಿಂಗಳ ನಂತರ, ಸ್ಪ್ಯಾನಿಷ್ ಬಾರದ ವಿದೇಶಿ ಮ್ಯಾನೇಜರನ ಕೋಣೆಗೆ ಹೋದಳು. ನಡುವೆ ಮಾತಾಡಲು ಬಂದ ರುದೆಸಿಂಡೊನನ್ನು ಹೊರಗೆ ನಿಲ್ಲಲು ಹೇಳಿ, ನಡೆದದ್ದನ್ನೆಲ್ಲ ತಾನೇ ಇಂಗ್ಲಿಷಿನಲ್ಲಿ ಹೇಳಿ, ಕಾಗದ ತೆಗೆಯಿರಿ ಎಂದಳು. ಮ್ಯಾನೇಜರ್ ಪೂರ್ತಿ ಕೇಳಿದ. ನಿನ್ನ ಇಂಗ್ಲಿಷ್ ಬಹಳ ಚೆನ್ನಾಗಿದೆ, ಆದರೆ ಅದು ಹಳೆಯ ವಿಷಯ ಎಂದ.

“ಹಳೇದಲ್ಲ,” ಎಂದಳು. “ಆ ಕಾಗದ ಇವತ್ತೂ ಅಲ್ಲೇ ಇದೆ. ನಾನೂ ಇವತ್ತು ಇಲ್ಲೇ ಇದ್ದೀನಿ.”

ಮರುವಾರ ನೌಕರರ ಊಟದ ಮನೆಯ ಗೋಡೆಯ ಮೇಲೆ ಅವಳ ಫೋಟೋ ಬಂತು: ‘ತಿಂಗಳ ಶ್ರೇಷ್ಠ ಇಂಗ್ಲಿಷ್ ಕಲಿಕೆ’. ಕಾಗದ ಮಾತ್ರ ಕಡತದಲ್ಲೇ ಇತ್ತು. ಫೋಟೋವನ್ನು ಅವಳೇ ಕಿತ್ತು ಮ್ಯಾನೇಜರನ ಮೇಜಿನ ಮೇಲಿಟ್ಟು ಬಂದಳು.

ಅದಾಗಿ ಮೂರು ವರ್ಷ. ಮೂವರು ಮ್ಯಾನೇಜರುಗಳು ಬದಲಾದರು, ರುದೆಸಿಂಡೊ ಇನ್ನೂ ಇದ್ದಾನೆ. ಬೇರೆ ಹೆಂಗಸರ ಮೇಲೆ ದೂರು ಬಂದಾಗ ಅವರು ಈಗ ಅವನ ಹಿಂದೆ ನಿಲ್ಲುವುದಿಲ್ಲ, ಇವಳನ್ನು ಕರೆಸುತ್ತಾರೆ. ಪ್ರತಿ ತಿಂಗಳ ಮೊದಲ ಸೋಮವಾರ ಅವಳು ಆಫೀಸಿಗೆ ಹೋಗಿ ಕಾಗದ ತೆಗೆಯಿರಿ ಎಂದು ಕೇಳುತ್ತಾಳೆ. ನೋಡೋಣ ಅನ್ನುತ್ತಾರೆ. ಈಗ ನಾಲ್ಕನೆಯವನು ಬಂದಿದ್ದಾನೆ. ಈ ವಾರವೆಲ್ಲ ಬೆಳಿಗ್ಗೆ ನನ್ನ ಹೊಸ್ತಿಲಲ್ಲಿ ಕೂತು, ಗಡುವು ಕೊಡುವುದು ಹೇಗೆಂದು ಕಲಿಯುತ್ತಿದ್ದಾಳೆ.