ಈರಮ್ಮನ ಪಂಚಮಿ ಉಂಡಿ ಮತ್ತು ನನ್ನ ಅರ್ಧ ಉತ್ತರ

ಕಳೆದ ಭಾನುವಾರ ಗ್ರೇಸಿ ಒಂದೂ ಪ್ರಶ್ನೆ ಕೇಳಲಿಲ್ಲ. ಏನೋ ಆಗಿದೆ ಎಂದು ನನಗೆ ಆಗಲೇ ಅನುಮಾನ ಬಂತು.

ಒಂಬತ್ತು ವರ್ಷದ ಹುಡುಗಿ. ಸಿರುಗುಪ್ಪದ ನಮ್ಮ ಚಿಕ್ಕ ಚರ್ಚಿನ ಸಂಡೇ ಸ್ಕೂಲಿನಲ್ಲಿ ಅವಳಷ್ಟು ಪ್ರಶ್ನೆ ಕೇಳುವವರು ಇನ್ನೊಬ್ಬರಿಲ್ಲ. ನೋಹನು ನಾವೆಯೊಳಗೆ ಸೊಳ್ಳೆಗಳನ್ನು ಯಾಕೆ ಹತ್ತಿಸಿಕೊಂಡ, ಎರಡೇ ಇದ್ದವಲ್ಲ, ಅಲ್ಲೇ ಹೊಡೆದು ಹಾಕಿದ್ದರೆ ಮುಗಿದುಹೋಗುತ್ತಿತ್ತಲ್ಲ... ಎಂದು ಕೇಳಿದವಳು ಅವಳೇ.

ನಾನು ಬಳ್ಳಾರಿಯ ಬ್ರೂಸ್‌ಪೇಟೆಯವನು, ನಿವೃತ್ತ ಹೈಸ್ಕೂಲ್ ಮೇಷ್ಟ್ರು. ತಿಂಗಳಿಗೆ ಎರಡು ಭಾನುವಾರ ಬಸ್ ಹತ್ತಿ ಹೋಗಿ ಈ ಮಕ್ಕಳ ಪ್ರಶ್ನೆಗಳಿಗೆ ಉತ್ತರ ಹೇಳುತ್ತೇನೆ.

ನಾನು ಚಿಕ್ಕವನಿದ್ದಾಗ, ಬೈಬಲ್ ಬಗ್ಗೆ ಪ್ರಶ್ನೆ ಕೇಳಿದೆನೆಂದು ನನ್ನನ್ನು ಕ್ಲಾಸಿನ ಹೊರಗೆ ನಿಲ್ಲಿಸಿದ್ದರು. ಆ ಸಿಟ್ಟು ಇನ್ನೂ ಇಳಿದಿಲ್ಲ. ಅದಕ್ಕೇ ಈ ಕೆಲಸ.

ಕ್ಲಾಸ್ ಮುಗಿದ ಮೇಲೆ ಗ್ರೇಸಿಯ ತಾಯಿ ನನ್ನನ್ನು ಪಕ್ಕಕ್ಕೆ ಕರೆದರು. ಅವರಿಗೆ ಅಕ್ಕಿ ಗಿರಣಿಯಲ್ಲಿ ಕೆಲಸ, ಮನೆ ಸೇರುವಾಗ ಸಂಜೆ ಏಳು. ಅಲ್ಲಿಯವರೆಗೆ ಗ್ರೇಸಿ ಪಕ್ಕದ ಮನೆಯ ಈರಮ್ಮನ ಹತ್ತಿರ ಇರುತ್ತಿದ್ದಳು. ಅವಳು ತೊಟ್ಟಿಲಲ್ಲಿದ್ದಾಗಿನಿಂದ ಹಾಗೆಯೇ.

"ಈಗ ಹತ್ತು ದಿನ ಆತ್ರಿ, ನಮ್ಮ ಮನಿ ಮೆಟ್ಲ ಮ್ಯಾಲೆ ಒಬ್ಬಾಕಿನೇ ಕುಂತಿರ್ತಾಳ," ಎಂದರು.

ಆಗಿದ್ದು ಇಷ್ಟು. ನಾಗರ ಪಂಚಮಿಯ ದಿನ ಈರಮ್ಮ ಎಂದಿನಂತೆ ಒಂದು ತಟ್ಟೆ ತುಂಬ ಉಂಡಿ ಕೊಟ್ಟಿದ್ದರು. ಶೇಂಗಾ ಉಂಡಿ, ಎಳ್ಳುಂಡಿ, ಮೇಲೊಂದು ಬಿಳಿ ಬಟ್ಟೆ. ತಾಯಿ ಗಿರಣಿಯಲ್ಲಿದ್ದರು, ಇಸಿದುಕೊಂಡವಳು ಗ್ರೇಸಿ.

ನಮ್ಮ ಕಡೆ ಬಂದ ತಟ್ಟೆಯನ್ನು ಖಾಲಿ ವಾಪಸ್ ಕೊಡುವುದಿಲ್ಲ, ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿ ಕೊಡುತ್ತಾರೆ. ಅರ್ಧ ಗಂಟೆ ಬಿಟ್ಟು ಗ್ರೇಸಿಯ ಕೈಯಲ್ಲಿ ತಟ್ಟೆ ವಾಪಸ್ ಬಂತು. ಸಕ್ಕರೆ ಇರಬಹುದೆಂದು ಈರಮ್ಮ ಬಟ್ಟೆ ಸರಿಸಿದರೆ... ತಾವೇ ಕಟ್ಟಿದ ಉಂಡಿ. ಒಂದೂ ಕಡಿಮೆಯಾಗಿರಲಿಲ್ಲ.

ಅವರು ತಟ್ಟೆ ಒಳಗೆ ತೆಗೆದುಕೊಂಡು ಸುಮ್ಮನೆ ಬಾಗಿಲು ಮುಂದೆ ಮಾಡಿಕೊಂಡರಂತೆ.

ನನಗೆ ಮೈ ಉರಿಯಿತು. ಹಾಗೆ ವಾಪಸಾದ ತಟ್ಟೆಯೊಂದನ್ನು ನಾನು ನೋಡಿದ್ದೇನೆ.

ಕುರುಗೋಡಿನಲ್ಲಿ, ನನಗಾಗ ಎಂಟು ವರ್ಷ. ಕ್ರಿಸ್‌ಮಸ್‌ಗೆ ಅಮ್ಮ ಕರ್ಜಿಕಾಯಿ ಕಳಿಸಿದ್ದ ಒಂದು ಮನೆಯವರು ತಟ್ಟೆಯನ್ನು ಹಾಗೆಯೇ ತಂದು ನಮ್ಮ ಕಟ್ಟೆಯ ಮೇಲಿಟ್ಟು ಹೋಗಿದ್ದರು. ಓಣಿಯವರಿಗೆ ಕಾಣದಂತೆ ಅಮ್ಮ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಳಗೆ ತಂದಿದ್ದನ್ನು ನಾನು ಮರೆತಿಲ್ಲ, ಮರೆಯುವುದೂ ಇಲ್ಲ.

ಈಗ ನಮ್ಮ ಮಗುವೇ ಇದನ್ನು ಮಾಡಿದೆ! ಇವಳ ತಲೆಗೆ ಇದನ್ನು ತುಂಬಿದವರು ಯಾರು? ಮೊಬೈಲ್‌ನಲ್ಲಿ ಉಪದೇಶ ಮಾಡುವವರು ಈಗ ಗಲ್ಲಿಗೊಬ್ಬರಿದ್ದಾರೆ, ಅಂಥವರೇ ಯಾರೋ ಎಂದುಕೊಂಡೆ. ಪತ್ರಿಕೆಗೆ ಬರೆಯಬೇಕಾದ ಪತ್ರದ ಮೊದಲ ಸಾಲೂ ಮನಸ್ಸಿನಲ್ಲಿ ಸಿದ್ಧವಾಗಿತ್ತು.

"ಯಾರಮ್ಮ ನಿನಗ ಹಿಂಗ ಹೇಳಿದ್ದು?" ಗ್ರೇಸಿಯನ್ನು ಕರೆದು ಕೇಳಿದೆ.

"ನೀವೇ ಹೇಳಿದ್ರಲ್ಲ ತಾತ."

ಹೌದು... ನಾನೇ.

ಎರಡು ತಿಂಗಳ ಹಿಂದೆ ಅವಳು ಕೇಳಿದ್ದಳು, ಬೇರೆ ದೇವರ ಮುಂದೆ ಇಟ್ಟಿದ್ದನ್ನು ನಾವು ತಿನ್ನಬಹುದಾ ಎಂದು. ಹಿಂದೆ ಕೊರಿಂಥ ಎಂಬ ಊರಿನ ಕ್ರೈಸ್ತರಿಗೂ ಇದೇ ಪ್ರಶ್ನೆ ಇತ್ತು, ಧರ್ಮಬೋಧಕ ಪೌಲನು ಅವರಿಗೊಂದು ಪತ್ರ ಬರೆದ, ಅದು ಬೈಬಲಿನಲ್ಲಿದೆ ಎಂದು ನಾನು ಉತ್ಸಾಹದಿಂದ ಶುರು ಮಾಡಿದ್ದೆ.

ವಿಗ್ರಹಕ್ಕೆ ಇಟ್ಟದ್ದರಲ್ಲಿ ಪಾಲುಗೊಳ್ಳಬೇಡಿ ಎನ್ನುವ ಭಾಗ ಮುಗಿಯುವಷ್ಟರಲ್ಲಿ ಬಳ್ಳಾರಿ ಬಸ್ಸಿನ ಹೊತ್ತಾಯಿತು. ಉಳಿದದ್ದು ಮುಂದಿನ ಸಲ ಎಂದು ಎದ್ದೆ. ಮುಂದಿನ ಸಲ ನೋಹನ ಸೊಳ್ಳೆಗಳು ಬಂದವು, ಉಳಿದರ್ಧ ಮರೆತೇ ಹೋಯಿತು.

ಅದೇ ಪತ್ರದಲ್ಲಿ ಮುಂದೆ ಇನ್ನೊಂದು ಮಾತಿದೆ. ಯಾರಾದರೂ ಊಟಕ್ಕೆ ಕರೆದರೆ ಬಡಿಸಿದ್ದನ್ನು ವಿಚಾರಣೆ ಮಾಡದೆ ಉಣ್ಣಿ, ಎದುರಿಗಿರುವವರ ಮನಸ್ಸನ್ನೂ ನೋಡಿ ನಡೆಯಿರಿ ಎಂಬ ಅರ್ಥದ ಮಾತು. ಚರ್ಚಿನ ಮೆಟ್ಟಿಲ ಮೇಲೆ ಕೂತು ಅದನ್ನು ಅವಳಿಗೆ ಹೇಳಿದೆ.

ಅವಳು ಬಿಡುತ್ತಾಳೆಯೇ? "ಮತ್ತ ಅದು ನಾಗಪ್ಪನ ಮುಂದ ಇಟ್ಟಿದ್ದು ಅಂತ ನನಗ ಮೊದ್ಲೇ ಗೊತ್ತಿದ್ರ?"

ಅದನ್ನು ಆಮೇಲೆ ನೋಡೋಣ, ಮೊದಲು ಹೋಗಿ ಕ್ಷಮೆ ಕೇಳೋಣ ನಡಿ ಎಂದೆ. ಬಸ್ ಅದರ ಪಾಡಿಗೆ ಅದು ಹೋಯಿತು.

ನಾನು, ಗ್ರೇಸಿ, ಅವಳ ತಾಯಿ ಹೋದಾಗ ಈರಮ್ಮ ಕಟ್ಟೆಯ ಮೇಲೆ ಮೊರ ಇಟ್ಟುಕೊಂಡು ಅಕ್ಕಿ ಆರಿಸುತ್ತಿದ್ದರು. ತಲೆ ಎತ್ತಲಿಲ್ಲ.

"ಏನ್ರಿ ಮಾಸ್ತರ, ನಮ್ಮ ಉಂಡಿ ನಿಮ್ಮ ದ್ಯಾವ್ರಿಗೆ ಕಡಕ್ ಆದ್ವೇನು? ಹಲ್ಲಿಲ್ಲೇನು ಆತಗ?"

ತಪ್ಪು ನನ್ನದು, ಮಗುವಿಗೆ ಅರ್ಧ ಪಾಠ ಹೇಳಿ ಎದ್ದು ಹೋದವನು ನಾನು ಎಂದೆ. ಕೊರಿಂಥದ ಕಥೆಯನ್ನೂ ಹೇಳಲು ಹೊರಟೆ. ಅವರು ಕೈ ಎತ್ತಿ ನನ್ನನ್ನು ತಡೆದು ಗ್ರೇಸಿಯ ಕಡೆ ತಿರುಗಿದರು.

"ಲೇ, ನಾಗಪ್ಪಗ ಎಡಿ ಇಟ್ಟಿದ್ದು ನಿನಗ್ಯಾಕ ಕೊಡ್ಲಿ? ಅದನ್ನ ನೀವು ತಿನ್ನಂಗಿಲ್ಲ ಅಂತ ನಿಮ್ಮವ್ವ ಈ ಓಣಿಗೆ ಬಂದ ವರ್ಷಾನೇ ನನಗ ತಿಳೀತು. ಎಡಿ ಇಡೂಕಿಂತ ಮುಂಚೇನ ನಿಮ್ಮ ಪಾಲು ಬ್ಯಾರೆ ಡಬ್ಬ್ಯಾಗ ತಗದಿಡ್ತೀನಿ. ಈ ವರ್ಷಾನೂ ಇಟ್ಟಿದ್ದೆ."

ಗ್ರೇಸಿಯ ತಾಯಿ ಬಾಯಿಗೆ ಸೆರಗು ಒತ್ತಿಕೊಂಡರು. ಇಷ್ಟು ವರ್ಷ ತಿಂದ ಅವರಿಗೂ ಇದು ಗೊತ್ತಿರಲಿಲ್ಲ.

"ಮತ್ತ ಯಾಕ ಹೇಳ್ಲಿಲ್ಲ ಅಜ್ಜಿ?"

"ನೀ ಕೇಳಿದ್ಯೇನು? ಊರಿಗೆಲ್ಲ ಪ್ರಶ್ನಿ ಕೇಳಾಕಿ, ನನಗೊಂದು ಕೇಳಾಕ ಬಾಯಿ ಬರ್ಲಿಲ್ಲ."

ಗ್ರೇಸಿ ಅಳಲು ಶುರು ಮಾಡಿದಳು. ಈರಮ್ಮ ಸಮಾಧಾನ ಮಾಡಲಿಲ್ಲ. ಮೊರವನ್ನು ಒಂದು ಗೇಣು ಪಕ್ಕಕ್ಕೆ ಸರಿಸಿದರು.

"ಕೂಡು ಬಾ. ನನಗ ಕಣ್ಣು ಕಾಣವಲ್ದು, ಹಳ್ಳು ನೀ ಆರ್ಸು."

ಅವಳು ಹೋಗಿ ಅವರ ತೊಡೆಗೆ ಒತ್ತಿಕೊಂಡು ಕೂತಳು.

ಆ ಪತ್ರವನ್ನು ನಾನು ನಲವತ್ತು ವರ್ಷದಿಂದ ಓದುತ್ತಾ ಬಂದಿದ್ದೇನೆ. ಅದರ ಹೆಸರೂ ಕೇಳದ ಈರಮ್ಮ ಪ್ರತಿ ಪಂಚಮಿಗೂ ಸದ್ದಿಲ್ಲದೆ ಅದರಂತೆ ನಡೆದಿದ್ದಾರೆ.

ನಿಮ್ಮ ಓಣಿಯಲ್ಲೂ ಯಾರೋ ನಿಮಗಾಗಿ ಹೀಗೆ ಬೇರೆ ಡಬ್ಬಿಯಲ್ಲಿ ಎತ್ತಿಡುತ್ತಿರಬಹುದು... ಒಮ್ಮೆಯಾದರೂ ಕೇಳಿದ್ದೀರಾ?